ಓಲೆಗೆ ಉತ್ತರ

ಹಳೇ ಮಾನಿಟರ್ ಮತ್ತೆ ಮಿಟುಕಿತು. ಕಿವಿ ಕೇಳದ ಹಿರಿಮಗಳು ಜಿಪಾರ್ ದೂರದ ಬಿಷ್ಕೆಕ್ ನಗರದಿಂದ ವೀಡಿಯೊ ಕರೆಯಲ್ಲಿ, ಮದುವೆಗೆ ಒಪ್ಪಿಗೆಯೋ ಇಲ್ಲವೋ ಎಂದು ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಅವಳ ಕೈ ಕಿವಿಯತ್ತ ಏರಿದ್ದಷ್ಟೇ ಕಂಡಿತು, ಆಮೇಲೆ ಪರದೆ ತುಂಬ ಬರೀ ಪಟ್ಟೆ.

"ನೋಡಿದ್ರಾ, ಕಿವಿಗೆ ಓಲೆ ಕೇಳ್ತಿದ್ದಾಳೆ!" ಅವಳ ಅಪ್ಪ ತೊಡೆ ತಟ್ಟಿದ. "ಒಪ್ಪಿದ ಹಾಗೇ. ಬೀಗರಿಗೆ ಚಹಾ ಹಾಕ್ರೋ!"

"ತಡಿ ಅಪ್ಪಾ, ಪೂರ್ತಿ ಕಾಣ್ಲಿಲ್ಲ," ಎಂದಳು ತಂಗಿ ಮೇರಿಮ್. ಮನೆಯಲ್ಲಿ ಅಕ್ಕನ ಸನ್ನೆ ಓದಬಲ್ಲವಳು ಅವಳೊಬ್ಬಳೇ. ತಂತಿ ಕಿತ್ತು ಚುಚ್ಚಿದಳು, ಮಾನಿಟರಿನ ಬೆನ್ನಿಗೆ ಗುದ್ದಿದಳು. ಗಂಡಿನ ತಾಯಿ ಬಾತ್ಮಾ ಓಲೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹುಡುಗಿ ಒಪ್ಪಿದರೆ ಗಂಡಿನ ತಾಯಿ ಅವಳ ಕಿವಿಗೆ ಓಲೆ ಕೊಡುವುದು ಅವರ ಪದ್ಧತಿ; ಆ ಡಬ್ಬಿ ಈ ಮನೆಯಲ್ಲಿ ಉಳಿದರೆ ಸಂಬಂಧ ಕುದುರಿದಂತೆಯೇ. ಅಷ್ಟರಲ್ಲಿ ಮೂಲೆಯಲ್ಲಿ ಚಹಾಕ್ಕೆ ನೀರು ಕಾಯಿಸುವ ಕರೆಂಟಿನ ಸಮೋವಾರಿನ ಕೆಂಪು ದೀಪ ಹತ್ತಿತು, ಪರದೆ ನಡುಗಿತು. ದೀಪ ಆರಿತು, ಪರದೆ ನಿಂತಿತು. ಮತ್ತೆ ಹತ್ತಿತು.

"ಅಮ್ಮಾ, ಇದರದೇ ಕಾಟ. ಸಮೋವಾರ್ ಆರಿಸ್ಲಾ?"

"ಬೀಗರ ಬಟ್ಟಲು ಖಾಲಿ ಇದೆ, ಮಾನ ಕಳೀಬೇಡ ಕಣೇ!" ಅಮ್ಮ ಹಲ್ಲು ಕಚ್ಚಿದಳು.

ಬಾತ್ಮಾ ತಾನೇ ಎದ್ದು ಹೋಗಿ ಸಮೋವಾರಿನ ಪ್ಲಗ್ ಕಿತ್ತಳು. "ನಿಮ್ಮ ಚಹಾ ಎಲ್ಲಿಗೂ ಓಡಿಹೋಗಲ್ಲ ಬೀಗಿತ್ತಿ. ಕೇಳು ಮಗಳೇ, ಇನ್ನೊಂದು ಸಲ."

ಮೇರಿಮ್ ಸನ್ನೆಯಲ್ಲೇ ಕೇಳಿದಳು. ಪರದೆ ಅಲುಗದೆ ನಿಂತಿತು. ಜಿಪಾರ್ ಎರಡೂ ಅಂಗೈಗಳನ್ನು ಎತ್ತಿ ತನ್ನ ಎರಡೂ ಕಿವಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು.

ಇದರರ್ಥ ಏನೆಂದು ಯಾರೂ ಮೇರಿಮಳನ್ನು ಕೇಳಬೇಕಾಗಲಿಲ್ಲ.