ಎತ್ತಿನ ನೊಗಕ್ಕೆ ಕತ್ತೆಯ ಬಳೆ

ಆ ಬೆಳಿಗ್ಗೆ ಊರ್ ಎಂಬ ಪಟ್ಟಣದ ಮೇಲೆ ದಕ್ಷಿಣದ ಗಾಳಿ ಬೀಸುತ್ತಿತ್ತು. ಜೌಗಿನ ತೇವಕ್ಕೆ ಮರಳಿನ ಧೂಳು ಕಲೆತು, ಸೂರ್ಯ ತಿಕ್ಕದ ತಾಮ್ರದ ತಟ್ಟೆಯಂತೆ ಮಂಕಾಗಿದ್ದ. ಲಾಯದಲ್ಲಿ ಎರಡು ಕತ್ತೆಗಳೂ ಒಂದೊಂದು ಮುಂಗಾಲು ಎತ್ತಿಕೊಂಡು ನಿಂತಿದ್ದವು.

ಅಮರ್ಕು ಒಂದರ ಗೊರಸು ಎತ್ತಿ ನೋಡಿದ. ಮೆತ್ತನೆಯ ಜಾಗದಲ್ಲಿ ಕಲ್ಲಿನ ಚೂರು ನೆಟ್ಟಿತ್ತು. ಇನ್ನೊಂದಕ್ಕೂ ಅದೇ ಕಾಲು, ಅದೇ ಜಾಗ. ಮರದ ಕುಡುಗೋಲಿಗೆ ಡಾಂಬರು ಹಾಕಿ ಕೂರಿಸುವ ಕಲ್ಲುಹಲ್ಲು ಅದು, ಬುಡದಲ್ಲಿ ಆ ಕರಿಯ ಡಾಂಬರು ಇನ್ನೂ ಅಂಟಿತ್ತು. ದಾರಿಯಲ್ಲಿ ತುಳಿದದ್ದಲ್ಲ, ಯಾರೋ ಕೈಯಾರೆ ಚುಚ್ಚಿದ್ದು.

ಇಂದು ರಾಣಿಯ ಕೊನೆಯ ಪಯಣ. ಆಕೆಯ ಗಾಡಿ ಹೊಡೆಯುವ ಭಾಗ್ಯ ಅಮರ್ಕುವಿನದು. ಅರಮನೆಯಿಂದ ಹೊಸ ಉಣ್ಣೆಬಟ್ಟೆ ಬಂದಿತ್ತು, ಸೊಂಟಕ್ಕೆ ಕಟ್ಟಿಕೊಳ್ಳಲು ಪುಟ್ಟದೊಂದು ಬಟ್ಟಲು ಬಂದಿತ್ತು. ಆ ಬಟ್ಟಲು ಸಿಕ್ಕ ಮನೆಯ ಹೆಸರನ್ನು ಚಂದ್ರದೇವರ ಗುಡಿಯಲ್ಲಿ ತಲೆತಲಾಂತರ ಕೂಗುತ್ತಾರೆ. ಅವನ ಮಾವ, ಹೆಂಡತಿಯ ತಂದೆ ಬಜಿ, ಅರಮನೆಯ ಅಕ್ಕಸಾಲಿ. ಲಗಾಮಿನ ಹಗ್ಗ ನುಸುಳಲು ಬೆಳ್ಳಿಯ ಜೋಡಿಬಳೆ ಮಾಡಿ, ಅದರ ನೆತ್ತಿಗೆ ಬಿಳಿಚಿನ್ನದ ಕತ್ತೆ ನಿಲ್ಲಿಸಿದ್ದ. ಮೇಣದಲ್ಲಿ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಎರಕ ಹೊಯ್ದದ್ದು. ಕಿವಿ ನಿಮಿರಿಸಿ ಏನನ್ನೋ ಆಲಿಸುವಂತಿತ್ತು. ಅದು ಮುಗಿಯುವವರೆಗೂ ಬಜಿ ಯಾರೊಡನೆಯೂ ಮಾತಾಡಿರಲಿಲ್ಲ.

ಲಾಯದ ಯಜಮಾನ ಬಂದು ಕತ್ತೆಗಳನ್ನು ನೋಡಿದ.

"ಕುಂಟು ಪ್ರಾಣಿ ರಾಣಿಗೆ ಆಗಲ್ಲ. ದುದೂನ ಎತ್ತು ಕಟ್ಲಿ. ಎತ್ತು ಅವನ ಮಾತು ಮಾತ್ರ ಕೇಳೋದು, ಅವನೇ ಹೊಡೀಲಿ. ಬಟ್ಟಲು ಅವನಿಗೆ ಕೊಟ್ಬಿಡು."

ಅಮರ್ಕು ಎತ್ತಿನ ಕೊಟ್ಟಿಗೆಗೆ ನುಗ್ಗಿದ. ಮುದುಕ ದುದು ನೊಗ ಒರೆಸುತ್ತಿದ್ದ. ಎತ್ತುಗಳು ಆಗಲೇ ಮಿಂದು, ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು ನಿಂತಿದ್ದವು. ಗೋಡೆಗೆ ಸಿಕ್ಕಿಸಿದ ಕುಡುಗೋಲಿಗೆ ಎರಡು ಹಲ್ಲಿರಲಿಲ್ಲ.

"ಕರೆ ಬರುತ್ತೆ ಅಂತ ಮೊದ್ಲೇ ಗೊತ್ತಿತ್ತೇನೋ ಮುದುಕಾ?"

"ನಮ್ಮೆತ್ತು ದಿನಾ ಮೀಯ್ತವೆ ಕಣಪ್ಪಾ. ಕತ್ತೆ ಹೊಡೆಯೋರಿಗೆ ಅದೆಲ್ಲಿ ತಿಳೀಬೇಕು."

ದುದು ತಲೆ ಎತ್ತಲಿಲ್ಲ. ಅಮರ್ಕುವಿನ ಮುಖ ನೋಡಿ ಅವನು ಮಾತಾಡಿದ್ದು ಎಂದೂ ಇಲ್ಲ.

"ನಿನ್ನ ಮಗನ್ನ ಕಾಲುವೆಯಿಂದ ಎತ್ತೋಕೆ ಹೋಗಿ ನಮ್ಮಪ್ಪ ಮುಳುಗಿದ. ನಿನ್ನ ಮಗ ಈಗ ಮಕ್ಕಳಾಡಿಸ್ಕೊಂಡು ಕೂತಿದಾನೆ. ನೀನು ನಮ್ಮಪ್ಪನ ಮಗನ ಭಾಗ್ಯಕ್ಕೇ ಕಲ್ಲು ಹಾಕ್ದೆ!"

ದುದು ನೊಗ ಕೆಳಗಿಟ್ಟ.

"ಹೂಂ, ಹಾಕ್ದೆ. ಬಟ್ಟಲು ಕೊಡು."

ಅಮರ್ಕು ಬಟ್ಟಲನ್ನು ಬಿಚ್ಚಿ ಅವನ ಕಾಲ ಬಳಿ ಎಸೆದ. ಒಡೆಯಲಿಲ್ಲ. ದುದು ಬಗ್ಗಿ ಎತ್ತಿಕೊಂಡು, ಮಣ್ಣು ಊದಿ, ಸೊಂಟಕ್ಕೆ ಕಟ್ಟಿಕೊಂಡ.

ಹೊರಗೆ ಬಜಿ ಗಾಡಿಯ ಮುಂದಿನ ಮೂಕಿಮರಕ್ಕೆ ಆ ಬೆಳ್ಳಿಬಳೆ ಬಿಗಿಯುತ್ತಿದ್ದ.

"ಮಾವಾ, ನೀನಾದ್ರೂ ಹೇಳು. ಎತ್ತಿನ ನೊಗದ ಹತ್ರ ಕತ್ತೆ! ಜನ ನಿನ್ನ ಕೆಲಸ ನೋಡಿ ನಗಲ್ವಾ?"

"ಇರ್ಲಿ ಬಿಡು" ಎಂದ ಬಜಿ. "ಆಮೇಲೆ ಅದನ್ನ ನೋಡೋರು ಯಾರು?" ಹಾಕಿದ ಗಂಟನ್ನೇ ಬಿಚ್ಚಿ ಮತ್ತೆ ಹಾಕಿದ.

ಮನೆಗೆ ಬಂದ ಅಮರ್ಕುವಿನಿಂದ ಸುದ್ದಿ ಕೇಳಿ ಅವನ ಬಸುರಿ ಹೆಂಡತಿ ನಿನ್‌ಕಲ್ಲ ಹೊಸ್ತಿಲಲ್ಲೇ ಕುಸಿದು ಕೂತಳು. ರಾಣಿ ತೀರಿಕೊಂಡ ದಿನದಿಂದ ತುತ್ತು ಮುಟ್ಟದವಳು, ಬಾರ್ಲಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಅಮರ್ಕುವಿನ ಮೈ ಉರಿಯಿತು. ತನ್ನ ಅವಮಾನ ಇವಳಿಗೆ ಹಬ್ಬವಾಯಿತೇ?

ತಮಟೆ ಮೊಳಗಿತು. ಕಾವಲುಗಾರರು, ತಲೆಗೆ ಚಿನ್ನದ ಎಲೆ ಮುಡಿದ ಹಾಡುಗಾರ್ತಿಯರು, ಅವರ ಹಿಂದೆ ರಾಣಿಯ ಎತ್ತಿನ ಗಾಡಿ. ಎಲ್ಲರ ಸೊಂಟದಲ್ಲೂ ಅಂಥದೇ ಬಟ್ಟಲು. ಅಮರ್ಕು ಹಲ್ಲು ಕಚ್ಚಿಕೊಂಡು ಪಕ್ಕದಲ್ಲೇ ನಡೆದ. ರಾಣಿಯ ಗೋರಿಗುಂಡಿಗೆ ಇಳಿಯಲು ನೆಲ ಕಡಿದು ಮಾಡಿದ ಇಳಿಜಾರಿನ ತಲೆಯಲ್ಲಿ ದುದು ಎತ್ತು ನಿಲ್ಲಿಸಿದ.

ಕೆಳಗೆ ತಾಮ್ರದ ಹಂಡೆಯಿತ್ತು. ಮುಂದೆ ಹೋದ ಹಾಡುಗಾರ್ತಿಯರು ಒಬ್ಬೊಬ್ಬರೇ ಅದರಲ್ಲಿ ಬಟ್ಟಲು ಅದ್ದಿ, ಕುಡಿದು, ಚಾಪೆಯ ಮೇಲೆ ಸಾಲಾಗಿ ಮಲಗುತ್ತಿದ್ದರು. ಮೇಲೆ ಆಳುಗಳು ಮಣ್ಣಿನ ಬುಟ್ಟಿ ಹಿಡಿದು ಕಾಯುತ್ತಿದ್ದರು. ರಾಣಿಯ ಜತೆ ಇಳಿದವರು ಮತ್ತೆ ಹತ್ತುವುದಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು, ಯಾರೂ ಬಾಯಿಬಿಟ್ಟು ಆಡದೆ ಇದ್ದದ್ದು.

ದುದು ಎತ್ತಿನ ಹೊದಿಕೆಯಡಿಯಿಂದ ಹಳೆಯದೊಂದು ಬಾರುಕೋಲು ತೆಗೆದ. ಮೊದಲ ಸಲ ಅಮರ್ಕುವಿನ ಮುಖವನ್ನು ನೆಟ್ಟಗೆ ನೋಡಿದ.

"ನಿಮ್ಮಪ್ಪಂದು. ನೀರಿಗೆ ಹಾರೋ ಮುಂಚೆ ದಂಡೆ ಮೇಲಿಟ್ಟಿದ್ದ. ಕೊಡೋದು ತಡವಾಯ್ತು ಮಗಾ" ಎಂದು ಅವನ ಕೈಗಿಟ್ಟು, ಎತ್ತುಗಳನ್ನು ಕೆಳಗಿಳಿಸಿದ.