ಜೋಡಿ ಚಿತ್ರ

ಪ್ರಭು ಚಿತ್ರಗಾರನಿಗೆ ಹೇಳಿಕಳಿಸಿದರೆ ಬಂದು ನಿಂತವಳು ಅವನ ಮಗಳು. ಐನೂರು ವರ್ಷಗಳ ಹಿಂದಿನ ಇಟಲಿಯಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ ಎನ್ನಿಸಿತು ಪ್ರಭುವಿಗೆ. ಕೆನ್ನೆಯ ಸಿಡುಬಿನ ಗುಳಿಗಳಿಗೆ ಬಿಳಿ ಪುಡಿ ಮೆತ್ತಿಕೊಂಡು, ಮೂಗು ಮುರಿಯುತ್ತಲೇ ಕುರ್ಚಿಯಲ್ಲಿ ಕೂತ.

“ನಿಮ್ಮಪ್ಪನಿಗೇನಾಯ್ತು?”

“ಹಾಸಿಗೆ ಹಿಡಿದಿದ್ದಾರೆ, ಪ್ರಭುಗಳೇ. ತಮ್ಮ ಚಿತ್ರ ನಾನೇ ಬರೆದುಕೊಡ್ತೀನಿ.”

“ನೀನಾ! ಕುಂಚ ಹಿಡಿಯೋದು ಅಂದ್ರೆ ಸೌಟು ಹಿಡಿದು ಸಾರು ಕಲಕಿದ ಹಾಗೆ ಅಂದ್ಕೊಂಡ್ಯಾ? ಬಣ್ಣ ಬಳಿದು ಸುಳ್ಳು ಮುಖ ಮಾಡೋದೊಂದೇ ಹೆಂಗಸರಿಗೆ ಗೊತ್ತಿರೋದು. ಅಲ್ಲಿ ನೋಡು.”

ಗೋಡೆಯ ಮೇಲೆ ಒಬ್ಬ ಹುಡುಗಿಯ ಚಿತ್ರವಿತ್ತು. ಕೆನ್ನೆ ಬೆಣ್ಣೆಯ ಹಾಗೆ ನುಣುಪು. ಹೆಣ್ಣಿನ ಕಡೆಯವರು ಕಳಿಸಿದ್ದ ಆ ಚಿತ್ರವನ್ನಷ್ಟೇ ನೋಡಿ ಅವನು ಒಪ್ಪಿದ್ದ. ಆ ಕಾಲದ ರೂಢಿಯಂತೆ, ತನ್ನ ಬದಲು ಬಂಟನೊಬ್ಬನ ಕೈಯಲ್ಲಿ ಉಂಗುರ ಕಳಿಸಿ, ಅವಳೂರಿನ ಚರ್ಚಿನಲ್ಲೇ ಮದುವೆಯನ್ನೂ ಮುಗಿಸಿದ್ದ. ನಾಳೆ ಅವಳು ಬಂದಿಳಿಯುವವಳಿದ್ದಳು.

“ಕೆಳಗೆ ನಿಮ್ಮಪ್ಪನ ಹೆಸರಿದೆ. ಗಂಡಸಿನ ಕೈ ಅಂದ್ರೆ ಅದು! ಇದ್ದದ್ದನ್ನ ಇದ್ದ ಹಾಗೆ ಬರೆದಿದ್ದಾನೆ. ಅದರ ಪಕ್ಕದಲ್ಲಿ ನನ್ನ ಚಿತ್ರ ಇರಬೇಕು. ಅದರ ಹಾಗೇ ಬರೀತೀಯೋ, ಈಗಲೇ ಗಂಟುಮೂಟೆ ಕಟ್ತೀಯೋ?”

ಅವಳು ಒಮ್ಮೆ ಚಿತ್ರವನ್ನೂ ಒಮ್ಮೆ ಅವನ ಕೆನ್ನೆಯನ್ನೂ ನೋಡಿದಳು.

“ಅದರ ಹಾಗೇ ಬರೀತೀನಿ. ನಮ್ಮ ಮನೇಲಿ ಯಾರು ಬರೆದ್ರೂ ಅಪ್ಪನ ಹೆಸರೇ ಹಾಕೋದು, ಪ್ರಭುಗಳೇ.” ಅವಳು ಬಣ್ಣ ಕಲಸತೊಡಗಿದಳು. “ಆ ಚಿತ್ರದ ಅಮ್ಮನವರ ಸಿಡುಬಿನ ಗುಳಿ ಮುಚ್ಚೋಕೆ ನನಗೆ ಒಂದು ಬಟ್ಟಲು ಬಣ್ಣ ಪೂರ್ತಿ ಹಿಡೀತು, ತಮಗೆ ಅರ್ಧ ಸಾಕು.”