ಹಬ್ಬದ ಹನಿ

ದೀಪಾವಳಿ ರಜೆಗೆ ಮುಂಚೆ ಶಾಲೆಯವರು ಎಲ್ಲ ಮಕ್ಕಳ ನಾಲಿಗೆಗೂ ಒಂದು ಔಷಧದ ಹನಿ ಹಾಕಿ ಕಳಿಸುತ್ತಿದ್ದರು. ರಜೆ ಮುಗಿಯುವವರೆಗೆ ಸಿಹಿಯೆಲ್ಲ ಬೇವಿನಂತೆ ಕಹಿ. ಹಲ್ಲು ಮಾತ್ರ ಭದ್ರ.

ಹಡಗಿನಲ್ಲಿ ದುಡಿಯುವ ಚನ್ನವೀರನಿಗೆ ಊರಿಗೆ ಬರಲು ಬಿಡುವು ಸಿಗುತ್ತಿದ್ದುದು ಆ ಹಬ್ಬಕ್ಕಷ್ಟೆ. ಈ ಸಲ ಮಗಳು ನೀಲವ್ವನಿಗೆಂದು ತಾನೇ ಒಲೆಯ ಮುಂದೆ ಕೂತು ಕರದಂಟು ಮಾಡಿದ.

“ಆಕಿಗೆ ಹನಿ ಹಾಕ್ಯಾರ್ರೀ. ಸಾಲಿ ಸುರು ಆದ ಮ್ಯಾಲೆ ನಾ ಕೊಡ್ತೀನಿ,” ಎಂದಳು ಹೆಂಡತಿ.

“ಅಷ್ಟೊತ್ತಿಗೆ ನಾ ಎಲ್ಲಿರ್ತೀನಿ?” ಎನ್ನುತ್ತ ಅವನು ತಟ್ಟೆ ಎತ್ತಿಡಲು ಹೋದ.

ಅಪ್ಪನ ಸಪ್ಪೆ ಮುಖ ನೋಡಿದ ನೀಲವ್ವ ಓಡಿಬಂದು ಒಂದು ತುಂಡು ಬಾಯಿಗಿಟ್ಟುಕೊಂಡಳು. ಅಗಿಯುತ್ತಿದ್ದಂತೆ ಮುಖ ಕಿವುಚಿದಳು, ಕಣ್ಣಲ್ಲಿ ನೀರಾಡಿತು. ಆದರೂ ಉಗುಳದೆ ನುಂಗಿದಳು.

“ಭಾಳ ಸಿಹಿ ಐತಪ್ಪಾ. ಇನ್ನೊಂದು ಕೊಡು,” ಎಂದು ಕೈಚಾಚಿದಳು.

ಕೊಡಲು ಚನ್ನವೀರನಿಗೆ ಕೈ ಏಳಲಿಲ್ಲ.